ಮನೆಯಲ್ಲಿ ತಯಾರಿಸಿದ ಬಿಯರ್‌ನಲ್ಲಿ ಹಾಪ್ಸ್‌ನ ಆಧಿಕ್ಯ

ಹಾಪ್ಸ್‌ನ ಆಧಿಕ್ಯ ಎಂದರೆ ಮನೆಯಲ್ಲಿ ಸಣ್ಣ ಪ್ರಮಾಣದಲ್ಲಿ ತಯಾರಿಸಿದ ಬಿಯರ್‌ನಲ್ಲಿ ಹಾಪ್ಸ್ ಹೂವಿನ ಕಹಿ, ಒಗರು ಅಥವಾ ಸೊಪ್ಪಿನ ವಾಸನೆಯು ಉದ್ದೇಶಿತ ಮಟ್ಟವನ್ನು ಮೀರಿ, ಮಾಲ್ಟಿನ ಸಿಹಿಯನ್ನೂ ಯೀಸ್ಟಿನ ಪರಿಮಳವನ್ನೂ ಮುಚ್ಚಿಹಾಕುವ ಸ್ಥಿತಿ. ಇದು ಆರೋಗ್ಯಕ್ಕೆ ಹಾನಿ ತರುವ ದೋಷವಲ್ಲ, ರುಚಿಯ ಸಮತೋಲನದ ದೋಷ. ಮನೆತಯಾರಿಕೆಯಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ 19ರಿಂದ 23 ಲೀಟರ್ ಬಿಯರ್ ತಯಾರಾಗುತ್ತದೆ. ಅದರ ಹಿಂದೆ ಒಂದು ಇಡೀ ದಿನದ ಕೆಲಸವೂ ಮೂರು ನಾಲ್ಕು ವಾರಗಳ ಕಾಯುವಿಕೆಯೂ ಇರುತ್ತವೆ. ಆದುದರಿಂದ ಕಹಿ ಮೀರಿದ ಬಿಯರನ್ನು ಚೆಲ್ಲಬೇಕೇ, ಉಳಿಸಿಕೊಳ್ಳಬಹುದೇ ಎಂಬುದು ತಯಾರಕರನ್ನು ಕಾಡುವ ಪ್ರಶ್ನೆಯಾಗಿದೆ. ಬಹುತೇಕ ಸಂದರ್ಭಗಳಲ್ಲಿ ಅದನ್ನು ಉಳಿಸಿಕೊಳ್ಳಲು ಸಾಧ್ಯ. ಆದರೆ ಮೊದಲು ದೋಷದ ಮೂಲವನ್ನು ಸರಿಯಾಗಿ ಗುರುತಿಸಬೇಕಾಗುತ್ತದೆ. ಏಕೆಂದರೆ ಕಹಿಯಂತೆ ತೋರುವ ಎಲ್ಲವೂ ಹಾಪ್ಸ್‌ನಿಂದ ಬಂದದ್ದಾಗಿರುವುದಿಲ್ಲ.

## ಹಾಪ್ಸ್ ಸಸ್ಯ ಮತ್ತು ಅದರ ಅಂಶಗಳು

ಹಾಪ್ಸ್ ಸಮಶೀತೋಷ್ಣ ವಲಯದ ಬಳ್ಳಿ. ಇದರ ವೈಜ್ಞಾನಿಕ ಹೆಸರು ಹ್ಯೂಮುಲಸ್ ಲುಪುಲಸ್. ಇದು ಗಾಂಜಾ ಗಿಡವೂ ಸೇರಿರುವ ಕ್ಯಾನಬೇಸಿಯೇ ಕುಟುಂಬಕ್ಕೆ ಸೇರಿದ್ದರೂ ಇದರಲ್ಲಿ ಗಾಂಜಾದ ಮಾದಕ ಗುಣವಿಲ್ಲ. ಗಂಡು ಹೂ ಮತ್ತು ಹೆಣ್ಣು ಹೂಗಳು ಬೇರೆ ಬೇರೆ ಬಳ್ಳಿಗಳಲ್ಲಿ ಬಿಡುತ್ತವೆ. ಬಿಯರ್ ತಯಾರಿಕೆಗೆ ಬಳಕೆಯಾಗುವುದು ಹೆಣ್ಣು ಬಳ್ಳಿಯ ಹಸಿರು, ಶಂಕುವಿನಾಕಾರದ ಹೂಗೊಂಚಲು ಮಾತ್ರ. ಅದರ ಎಸಳುಗಳ ಬುಡದಲ್ಲಿ ಲುಪುಲಿನ್ ಎಂಬ ಹಳದಿ ಬಣ್ಣದ, ಜಿಗುಟಾದ ಪುಡಿ ಇರುತ್ತದೆ. ಹಾಪ್ಸ್‌ನ ಸತ್ವವೆಲ್ಲ ಬಹುಪಾಲು ಈ ಪುಡಿಯಲ್ಲೇ ಅಡಗಿದೆ. ಜರ್ಮನಿ, ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಚೆಕ್ ಗಣರಾಜ್ಯ ಇದರ ಪ್ರಮುಖ ಬೆಳೆಗಾರ ದೇಶಗಳು. ಭಾರತದಲ್ಲಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಅಲ್ಪ ಪ್ರಮಾಣದಲ್ಲಿ ಬೆಳೆಯಲಾಗುತ್ತದೆ. ಬೇಸಿಗೆಯಲ್ಲಿ ದೀರ್ಘವಾದ ಹಗಲು ಬೇಕಾಗುವುದರಿಂದ ದಕ್ಷಿಣ ಭಾರತದ ಹವೆ ಇದಕ್ಕೆ ಒಗ್ಗುವುದಿಲ್ಲ.

ರುಚಿಯ ದೃಷ್ಟಿಯಿಂದ ಹಾಪ್ಸ್‌ನ ಮೂರು ಬಗೆಯ ಅಂಶಗಳು ಮುಖ್ಯವಾದವು.

- ಆಲ್ಫಾ ಆಮ್ಲಗಳು: ಹ್ಯೂಮುಲೋನ್, ಕೋಹ್ಯೂಮುಲೋನ್, ಆಡ್‌ಹ್ಯೂಮುಲೋನ್ ಇವು ಪ್ರಮುಖ ಆಲ್ಫಾ ಆಮ್ಲಗಳು. ಇವು ತಮ್ಮಷ್ಟಕ್ಕೆ ನೀರಿನಲ್ಲಿ ಹೆಚ್ಚು ಕರಗುವುದಿಲ್ಲ, ಅಷ್ಟಾಗಿ ಕಹಿಯೂ ಅಲ್ಲ. ಕುದಿಸಿದಾಗ ಇವುಗಳ ಅಣುರಚನೆ ಬದಲಾಗಿ ಐಸೋ-ಆಲ್ಫಾ ಆಮ್ಲಗಳಾಗುತ್ತವೆ. ಬಿಯರ್‌ನ ಕಹಿಗೆ ಮುಖ್ಯ ಕಾರಣ ಇವೇ.
- ಸಾರತೈಲಗಳು: ಮಿರ್ಸೀನ್, ಹ್ಯೂಮುಲೀನ್, ಕ್ಯಾರಿಯೋಫಿಲೀನ್, ಲಿನಲೂಲ್, ಜೆರಾನಿಯೋಲ್ ಮೊದಲಾದವು ನಿಂಬೆ, ಹೂ, ಮರದ ಅಂಟು, ಮಸಾಲೆ ಇತ್ಯಾದಿ ಪರಿಮಳಗಳನ್ನು ನೀಡುತ್ತವೆ. ಇವು ಬೇಗ ಆವಿಯಾಗುವುದರಿಂದ ಹೆಚ್ಚು ಹೊತ್ತು ಕುದಿಸಿದರೆ ನಾಶವಾಗುತ್ತವೆ.
- ಪಾಲಿಫೀನಾಲುಗಳು: ಎಲೆ ಮತ್ತು ಎಸಳಿನ ಹಸಿರು ಭಾಗದಿಂದ ಬರುವ ಈ ವಸ್ತುಗಳು ಒಗರನ್ನೂ ಬಿಯರ್‌ನ ಮಬ್ಬನ್ನೂ ಹೆಚ್ಚಿಸುತ್ತವೆ. ಟ್ಯಾನಿನ್‌ಗಳು ಇದೇ ಗುಂಪಿಗೆ ಸೇರುತ್ತವೆ.

ಹೀಗೆ ಕಹಿ, ಪರಿಮಳ, ಒಗರು ಇವು ಮೂರೂ ಒಂದೇ ಹೂವಿನಿಂದ ಬಂದರೂ ಬೇರೆ ಬೇರೆ ವಸ್ತುಗಳಿಂದ, ತಯಾರಿಕೆಯ ಬೇರೆ ಬೇರೆ ಹಂತಗಳಲ್ಲಿ ಬರುತ್ತವೆ. ಒಂದಕ್ಕೆ ಹೊಂದುವ ಪರಿಹಾರ ಇನ್ನೊಂದಕ್ಕೆ ಹೊಂದದಿರುವುದಕ್ಕೆ ಇದೇ ಕಾರಣ.

## ಐತಿಹಾಸಿಕ ಹಿನ್ನೆಲೆ

ಯುರೋಪಿನಲ್ಲಿ ಹಾಪ್ಸ್ ಬಳಕೆಗೆ ಬರುವ ಮುನ್ನ ಬಿಯರ್‌ಗೆ ನಾನಾ ಬಗೆಯ ಕಾಡು ಸೊಪ್ಪುಗಳ ಮಿಶ್ರಣವನ್ನು ಸೇರಿಸುತ್ತಿದ್ದರು. ಫ್ರಾನ್ಸಿನ ಕೋರ್ಬಿ ಮಠದ ಕ್ರಿ.ಶ. 822ರ ನಿಯಮಾವಳಿಯಲ್ಲಿ ಹಾಪ್ಸ್‌ನ ಉಲ್ಲೇಖವಿದೆ. 12ನೆಯ ಶತಮಾನದಲ್ಲಿ ಜರ್ಮನಿಯ ಸಂನ್ಯಾಸಿನಿ ಹಿಲ್ಡೆಗಾರ್ಡ್ ಪಾನೀಯಗಳು ಕೆಡದಂತೆ ತಡೆಯುವ ಇದರ ಗುಣವನ್ನು ದಾಖಲಿಸಿದಳು. 1516ರ ಬವೇರಿಯದ ಶುದ್ಧತಾ ಶಾಸನವು ಬಿಯರ್‌ಗೆ ಬಾರ್ಲಿ, ಹಾಪ್ಸ್ ಮತ್ತು ನೀರನ್ನು ಮಾತ್ರ ಬಳಸಬೇಕೆಂದು ವಿಧಿಸಿತು.

ಹಾಪ್ಸ್‌ನ ಆಧಿಕ್ಯದ ಕಥೆಗೆ ಭಾರತದ ನಂಟೂ ಇದೆ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಲಂಡನ್ನಿನ ಜಾರ್ಜ್ ಹಾಡ್ಜ್‌ಸನ್‌ನ ಬೋ ಬ್ರೂವರಿಯಿಂದಲೂ 1820ರ ದಶಕದಿಂದ ಬರ್ಟನ್ ಪಟ್ಟಣದ ತಯಾರಕರಿಂದಲೂ ಈಸ್ಟ್ ಇಂಡಿಯಾ ಕಂಪನಿಯ ನೌಕರರಿಗಾಗಿ ಭಾರತಕ್ಕೆ ಬಿಯರ್ ರವಾನೆಯಾಗುತ್ತಿತ್ತು. ದೀರ್ಘ ಹಡಗು ಪ್ರಯಾಣದಲ್ಲಿ ಹುಳಿಯಾಗದಿರಲೆಂದು ಇದಕ್ಕೆ ಹಾಪ್ಸನ್ನು ಧಾರಾಳವಾಗಿ ಹಾಕುತ್ತಿದ್ದರು. ಮುಂದೆ ಈ ಬಗೆಗೆ ‘ಇಂಡಿಯಾ ಪೇಲ್ ಏಲ್’ ಎಂಬ ಹೆಸರು ನಿಂತಿತು. ಆ ಬಿಯರ್ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಮಾಗಿ ಗಿರಾಕಿಯ ಕೈ ಸೇರುತ್ತಿದ್ದುದರಿಂದ, ಕಹಿ ಅಷ್ಟರಲ್ಲಿ ಮೆತ್ತಗಾಗಿರುತ್ತಿತ್ತು. ಇಂದಿನ ಮನೆತಯಾರಕರು ಅದೇ ಪ್ರಮಾಣದ ಹಾಪ್ಸ್ ಹಾಕಿ ಮೂರನೆಯ ವಾರದಲ್ಲೇ ಬಾಟಲಿ ತೆರೆದರೆ ರುಚಿ ಬೇರೆಯೇ ಆಗಿರುತ್ತದೆ.

ಬ್ರಿಟನ್ನಿನಲ್ಲಿ 1963ರಲ್ಲಿ ಮನೆತಯಾರಿಕೆಗೆ ಪರವಾನಗಿಯ ಅಗತ್ಯವನ್ನು ತೆಗೆದುಹಾಕಲಾಯಿತು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಮಾಡಿದ ಕಾಯಿದೆಯು 1979ರಲ್ಲಿ ಜಾರಿಗೆ ಬಂದು, ಸ್ವಂತ ಬಳಕೆಯ ಬಿಯರ್ ತಯಾರಿಕೆಯನ್ನು ಒಕ್ಕೂಟದ ತೆರಿಗೆಯಿಂದ ಮುಕ್ತಗೊಳಿಸಿತು. ಅಮೆರಿಕದಲ್ಲಿ 1970ರ ದಶಕದ ಆದಿಯಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ತಳಿಯೂ ಅನಂತರ ಬಂದ ಹೆಚ್ಚು ಆಲ್ಫಾ ಆಮ್ಲವುಳ್ಳ ತಳಿಗಳೂ ಹಾಪ್ಸ್ ಪ್ರಧಾನವಾದ ಬಿಯರ್‌ಗಳ ಒಲವನ್ನು ಬೆಳೆಸಿದವು. ಮನೆತಯಾರಕರಲ್ಲಿ ಕಹಿ ಮೀರುವ ಸಮಸ್ಯೆ ಹೆಚ್ಚಾಗಿ ಕಾಣತೊಡಗಿದ್ದೂ ಈ ಒಲವಿನ ಜೊತೆಯಲ್ಲೇ.

## ಕಹಿಯ ಮಾಪನ

ಬಿಯರ್‌ನ ಕಹಿಯನ್ನು ಅಂತಾರಾಷ್ಟ್ರೀಯ ಕಹಿ ಮಾನದಲ್ಲಿ (ಐಬಿಯು) ಹೇಳುತ್ತಾರೆ. ಒಂದು ಲೀಟರ್ ಬಿಯರ್‌ನಲ್ಲಿ ಒಂದು ಮಿಲಿಗ್ರಾಂ ಐಸೋ-ಆಲ್ಫಾ ಆಮ್ಲವಿದ್ದರೆ ಅದು ಸ್ಥೂಲವಾಗಿ ಒಂದು ಐಬಿಯು. ಪ್ರಯೋಗಾಲಯದಲ್ಲಿ ಬಿಯರನ್ನು ಐಸೋಆಕ್ಟೇನ್ ದ್ರಾವಕದೊಡನೆ ಕಲಕಿ, 275 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಅದು ಎಷ್ಟು ಹೀರುತ್ತದೆಂಬುದನ್ನು ಅಳೆದು, ಆ ಸಂಖ್ಯೆಯನ್ನು 50ರಿಂದ ಗುಣಿಸುತ್ತಾರೆ. ಮನೆಯಲ್ಲಿ ಈ ಅನುಕೂಲವಿಲ್ಲದ ಕಾರಣ ಲೆಕ್ಕಾಚಾರವೇ ಆಧಾರ:

ಐಬಿಯು = (ಹಾಪ್ಸ್ ತೂಕ ಮಿಲಿಗ್ರಾಂಗಳಲ್ಲಿ × ಆಲ್ಫಾ ಆಮ್ಲದ ಭಾಗ × ಬಳಕೆಯ ಭಾಗ) ÷ ಲೀಟರ್‌ಗಳು

ಇಲ್ಲಿ ‘ಬಳಕೆಯ ಭಾಗ’ ಎಂದರೆ ಹಾಕಿದ ಆಲ್ಫಾ ಆಮ್ಲದಲ್ಲಿ ಎಷ್ಟು ಭಾಗ ಕಹಿಯಾಗಿ ಬಿಯರ್‌ಗೆ ಇಳಿಯಿತು ಎಂಬುದು. ಗ್ಲೆನ್ ಟಿನ್ಸೆತ್ ರೂಪಿಸಿದ, ಮನೆತಯಾರಕರಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಸೂತ್ರದಂತೆ, 1.050 ಸಾಪೇಕ್ಷ ಸಾಂದ್ರತೆಯ ವೋರ್ಟ್‌ನಲ್ಲಿ (ಹುದುಗು ಹಾಕುವ ಮುನ್ನಿನ ಮಾಲ್ಟ್ ಕಷಾಯದಲ್ಲಿ) ಈ ಭಾಗವು ಹೀಗಿರುತ್ತದೆ:

- 60 ನಿಮಿಷ ಕುದಿಸಿದರೆ ಸುಮಾರು ಶೇ. 23
- 30 ನಿಮಿಷ ಕುದಿಸಿದರೆ ಸುಮಾರು ಶೇ. 18
- 15 ನಿಮಿಷ ಕುದಿಸಿದರೆ ಸುಮಾರು ಶೇ. 11
- 5 ನಿಮಿಷ ಕುದಿಸಿದರೆ ಸುಮಾರು ಶೇ. 5

ಉದಾಹರಣೆಗೆ, 20 ಲೀಟರ್ ಬಿಯರ್‌ಗೆ ಶೇ. 5ರ ಆಲ್ಫಾ ಆಮ್ಲವಿರುವ ಹಾಪ್ಸನ್ನು 50 ಗ್ರಾಂ ಹಾಕಿ 60 ನಿಮಿಷ ಕುದಿಸಿದರೆ ಸುಮಾರು 29 ಐಬಿಯು ದೊರೆಯುತ್ತದೆ. ಅದೇ 50 ಗ್ರಾಂ ತೂಕಕ್ಕೆ ಶೇ. 13ರ ತಳಿಯನ್ನು ಬಳಸಿದರೆ ಅದು 75 ಐಬಿಯುಗೆ ಏರುತ್ತದೆ. ತೂಕ ಬದಲಾಗದಿದ್ದರೂ ಕಹಿ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು.

ಐಬಿಯು ಸಂಖ್ಯೆಯೊಂದೇ ನಾಲಗೆಗೆ ತಿಳಿಯುವ ಕಹಿಯನ್ನು ಹೇಳಲಾರದು. ಮಾಲ್ಟಿನ ಸಿಹಿ ಹೆಚ್ಚಿದ್ದಲ್ಲಿ ಅದೇ ಕಹಿ ಕಡಿಮೆಯೆನಿಸುತ್ತದೆ. ಇದಕ್ಕಾಗಿ ಅಮೆರಿಕದ ಲೇಖಕ ರೇ ಡೇನಿಯಲ್ಸ್ ಪ್ರಚುರಪಡಿಸಿದ ಕಹಿ–ಸಾಂದ್ರತೆ ಅನುಪಾತವನ್ನು ನೋಡುತ್ತಾರೆ. ಆರಂಭಿಕ ಸಾಂದ್ರತೆ 1.050 ಆಗಿದ್ದರೆ ಅದನ್ನು 50 ಎಂದು ಹಿಡಿದು, ಐಬಿಯುವನ್ನು ಅದರಿಂದ ಭಾಗಿಸುವುದು ಕ್ರಮ. ಈ ಅನುಪಾತ 0.5ರ ಆಸುಪಾಸಿನಲ್ಲಿದ್ದರೆ ಸಮತೋಲನವೆಂದೂ 1ನ್ನು ತಲುಪಿದರೆ ಕಹಿಪ್ರಧಾನವೆಂದೂ ಸ್ಥೂಲವಾಗಿ ಹೇಳಬಹುದು. ಮೇಲಿನ ಉದಾಹರಣೆಯಲ್ಲಿ ತಳಿ ಬದಲಾದಾಗ ಇದು 0.58ರಿಂದ 1.5ಕ್ಕೆ ಏರುತ್ತದೆ.

## ಆಧಿಕ್ಯಕ್ಕೆ ಕಾರಣಗಳು

### ತಳಿಯ ಅದಲುಬದಲು

ಪಾಕಸೂಚಿಯಲ್ಲಿ ಹೇಳಿದ ತಳಿ ಸಿಗದೆ ಬೇರೊಂದನ್ನು ಅದೇ ತೂಕದಲ್ಲಿ ಹಾಕುವುದು ಅತಿ ಸಾಮಾನ್ಯ ಕಾರಣ. ಚೆಕ್ ನಾಡಿನ ಸಾಜ್ ತಳಿಯಲ್ಲಿ ಆಲ್ಫಾ ಆಮ್ಲ ಶೇ. 3ರಿಂದ 5, ಇಂಗ್ಲೆಂಡಿನ ಈಸ್ಟ್ ಕೆಂಟ್ ಗೋಲ್ಡಿಂಗ್ಸ್‌ನಲ್ಲಿ ಶೇ. 4ರಿಂದ 6 ಇದ್ದರೆ, ಅಮೆರಿಕದ ಸಿಟ್ರಾ, ಸಿಮ್ಕೋ ತಳಿಗಳಲ್ಲಿ ಶೇ. 11ರಿಂದ 14ರವರೆಗೂ ಕೊಲಂಬಸ್‌ನಲ್ಲಿ ಅದಕ್ಕಿಂತ ಹೆಚ್ಚೂ ಇರುತ್ತದೆ. ಒಂದೇ ತಳಿಯಲ್ಲೂ ವರ್ಷದಿಂದ ವರ್ಷಕ್ಕೆ ಪ್ರಮಾಣ ಬದಲಾಗುವುದರಿಂದ ಪೊಟ್ಟಣದ ಮೇಲೆ ಮುದ್ರಿಸಿದ ಸಂಖ್ಯೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

### ಅಳತೆಯ ತಪ್ಪುಗಳು

ಅಮೆರಿಕದ 5 ಗ್ಯಾಲನ್ ಎಂದರೆ ಸುಮಾರು 19 ಲೀಟರ್. ಬ್ರಿಟನ್ನಿನ 5 ಗ್ಯಾಲನ್ ಸುಮಾರು 22.7 ಲೀಟರ್. ಬ್ರಿಟಿಷ್ ಪಾಕಸೂಚಿಯ ಹಾಪ್ಸನ್ನು ಅಮೆರಿಕದ ಗ್ಯಾಲನ್ ಲೆಕ್ಕದ ಪಾತ್ರೆಗೆ ಹಾಕಿದರೆ ಕಹಿ ಏರುತ್ತದೆ. ಒಂದು ಔನ್ಸ್ ಎಂದರೆ 28 ಗ್ರಾಂಗಿಂತ ತುಸು ಹೆಚ್ಚು. ಸಣ್ಣ ತೂಕಗಳಿಗೆ ಅಡುಗೆಮನೆಯ ಸಾಮಾನ್ಯ ತಕ್ಕಡಿ ಸಾಲದು. ಒಂದು ಗ್ರಾಂವರೆಗೆ ನಿಖರವಾಗಿ ತೋರಿಸುವ ತಕ್ಕಡಿ ಬೇಕು. ಕುದಿಯುವಾಗ ನೀರು ನಿರೀಕ್ಷೆಗಿಂತ ಹೆಚ್ಚು ಆವಿಯಾಗಿ 20 ಲೀಟರ್ ಬದಲು 16 ಲೀಟರ್ ಉಳಿದರೆ ಕಹಿಯ ಸಾಂದ್ರತೆ ಕಾಲು ಭಾಗದಷ್ಟು ಹೆಚ್ಚುತ್ತದೆ.

### ಕುದಿತದ ಅವಧಿ ಮತ್ತು ತಣಿಸುವ ವಿಳಂಬ

ಒಲೆ ಆರಿಸಿದೊಡನೆ ಕಹಿಯ ಉತ್ಪತ್ತಿ ನಿಲ್ಲುವುದಿಲ್ಲ. ವೋರ್ಟ್ ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವವರೆಗೂ ಅದು ಗಮನಾರ್ಹವಾಗಿ ಮುಂದುವರಿಯುತ್ತದೆ. ಪರಿಮಳಕ್ಕೆಂದು ಕೊನೆಯಲ್ಲಿ ಹಾಕಿದ ಹಾಪ್ಸ್ ನಿಧಾನವಾಗಿ ತಣಿಯುವ ದೊಡ್ಡ ಪಾತ್ರೆಯಲ್ಲಿ ಅರ್ಧ ಗಂಟೆ ಬಿಸಿಯಲ್ಲೇ ಉಳಿದರೆ ಲೆಕ್ಕಕ್ಕೆ ಸಿಗದ ಕಹಿ ಸೇರಿಕೊಳ್ಳುತ್ತದೆ. ಇದಕ್ಕೆ ವಿರುದ್ಧವಾಗಿ, ಎತ್ತರದ ಊರುಗಳಲ್ಲಿ ಕುದಿಬಿಂದು ಕಡಿಮೆಯಿರುವುದರಿಂದ ಕಹಿ ಸ್ವಲ್ಪ ನಿಧಾನವಾಗಿ ಇಳಿಯುತ್ತದೆ. ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ.

### ಒಣ ಹಾಪ್ಸ್ ಸೇರಿಕೆ

ಹುದುಗು ಬಂದ ತಣ್ಣನೆಯ ಬಿಯರ್‌ಗೆ ಹಾಪ್ಸನ್ನು ನೇರವಾಗಿ ಹಾಕಿ ನೆನೆಸುವುದನ್ನು ಡ್ರೈ ಹಾಪಿಂಗ್ ಎನ್ನುತ್ತಾರೆ. ಇಲ್ಲಿ ಐಸೋ-ಆಲ್ಫಾ ಆಮ್ಲ ಹುಟ್ಟುವುದಿಲ್ಲವಾದರೂ, ಹಾಪ್ಸ್‌ನಲ್ಲಿ ಮೊದಲೇ ಇರುವ ಹ್ಯೂಮುಲಿನೋನ್ ಎಂಬ ಉತ್ಕರ್ಷಿತ ಆಮ್ಲಗಳು ಕರಗಿ ಸ್ವಲ್ಪ ಕಹಿ ಕೊಡುತ್ತವೆ. ಪ್ರಮಾಣ ಅಥವಾ ಅವಧಿ ಮೀರಿದರೆ ಪಾಲಿಫೀನಾಲುಗಳ ಒಗರು, ಹಸಿ ಹುಲ್ಲಿನ ವಾಸನೆ, ಗಂಟಲಿನಲ್ಲಿ ಕೆರೆದಂತಾಗುವ ಉರಿ ಉಂಟಾಗುತ್ತವೆ. ತೇಲುತ್ತಿರುವ ಹಾಪ್ಸ್‌ನ ಸೂಕ್ಷ್ಮ ಕಣಗಳು ಈ ಉರಿಗೆ ಬಹುಮಟ್ಟಿಗೆ ಕಾರಣ.

### ನೀರಿನ ಗುಣ

ಸಲ್ಫೇಟ್ ಹೆಚ್ಚಿರುವ ನೀರು ಹಾಪ್ಸ್‌ನ ಕಹಿಯನ್ನು ಚುರುಕಾಗಿ, ಒಣಗಿದಂತೆ ತೋರಿಸುತ್ತದೆ. ಕ್ಲೋರೈಡ್ ಮಾಲ್ಟಿನ ದುಂಡುತನವನ್ನು ಎತ್ತಿಹಿಡಿಯುತ್ತದೆ. ಜಿಪ್ಸಮ್ ಬೆರೆತ ಬರ್ಟನ್ನಿನ ಬಾವಿನೀರು ಕಹಿಯಾದ ಏಲ್‌ಗಳಿಗೂ ಚೆಕ್ ನಾಡಿನ ಪಿಲ್ಸೆನ್ ಊರಿನ ಮೆದು ನೀರು ನಯವಾದ ಲಾಗರ್‌ಗಳಿಗೂ ಹೆಸರಾದದ್ದು ಇದರಿಂದಲೇ. ಕಾರ್ಬೊನೇಟ್ ಹೆಚ್ಚಿರುವ ಗಡಸು ನೀರಿನಲ್ಲಿ ಪಿಎಚ್ ಏರಿ ಕಹಿ ಒರಟಾಗುತ್ತದೆ. ಕೊಳವೆಬಾವಿಯ ನೀರನ್ನು ಪರೀಕ್ಷಿಸದೆ ಬಳಸುವವರು ಇದನ್ನು ಗಮನಿಸಬೇಕು.

## ದೋಷವನ್ನು ಗುರುತಿಸುವುದು

ಪರಿಹಾರಕ್ಕೆ ತೊಡಗುವ ಮುನ್ನ ನಾಲಗೆಗೆ ತಿಳಿಯುವುದು ಕಹಿಯೋ ಒಗರೋ ಎಂಬುದನ್ನು ವಿಂಗಡಿಸಬೇಕು. ಕನ್ನಡಿಗರಿಗೆ ಈ ಭೇದ ಸುಲಭವಾಗಿ ಗೊತ್ತಾಗುತ್ತದೆ: ಹಾಗಲಕಾಯಿಯದು ಕಹಿ, ಹಸಿ ಅಡಿಕೆಯದು ಅಥವಾ ಬಾಳೆಕಾಯಿಯದು ಒಗರು. ಕಹಿಯು ನಾಲಗೆಯ ಹಿಂಭಾಗದಲ್ಲಿ ಉಳಿದು ನಿಧಾನವಾಗಿ ಕರಗುವ ರುಚಿ. ಒಗರು ರುಚಿಗಿಂತ ಹೆಚ್ಚಾಗಿ ಸ್ಪರ್ಶದ ಅನುಭವ. ಬಾಯಿ ಒಣಗಿ ಹಲ್ಲು ಜೊಮ್ಮೆನ್ನುತ್ತದೆ.

- ಶುದ್ಧ ಕಹಿ, ಒಗರಿಲ್ಲ: ಕುದಿತದ ಹಾಪ್ಸ್ ಹೆಚ್ಚಾಗಿದೆ.
- ಒಗರು, ಸೊಪ್ಪಿನ ವಾಸನೆ, ಗಂಟಲು ಉರಿ: ಒಣ ಹಾಪ್ಸ್ ಹೆಚ್ಚಾಗಿದೆ, ಅಥವಾ ಕಣಗಳಿನ್ನೂ ತಳ ಸೇರಿಲ್ಲ.
- ಒಗರು ಮಾತ್ರ, ಹಾಪ್ಸ್ ಪರಿಮಳವಿಲ್ಲ: ಮಾಲ್ಟನ್ನು ಅತಿಯಾಗಿ ಬಿಸಿಯಾದ ಅಥವಾ ಪಿಎಚ್ ಹೆಚ್ಚಿದ ನೀರಿನಿಂದ ತೊಳೆದಾಗ ಸಿಪ್ಪೆಯ ಟ್ಯಾನಿನ್ ಇಳಿದಿರುತ್ತದೆ. ಇದು ಹಾಪ್ಸ್‌ನ ತಪ್ಪಲ್ಲ.
- ಸುಟ್ಟ ಕಾಫಿಯಂತಹ ಕಹಿ: ಕಪ್ಪಾಗಿ ಹುರಿದ ಮಾಲ್ಟ್ ಹೆಚ್ಚಾಗಿದೆ.
- ಹಳೆಯ ಚೀಸಿನ ಅಥವಾ ಬೆವರಿನ ವಾಸನೆ: ಹಳಸಿದ ಹಾಪ್ಸ್‌ನಲ್ಲಿ ಐಸೋವಲೆರಿಕ್ ಆಮ್ಲ ಉಂಟಾಗಿದೆ.
- ಅಸಹ್ಯವಾದ ಗಂಧಕದ ನಾತ: ಬೆಳಕಿಗೆ ಒಡ್ಡಿದ ಬಿಯರ್‌ನಲ್ಲಿ ಐಸೋ-ಆಲ್ಫಾ ಆಮ್ಲಗಳು ಒಡೆದು ಗಂಧಕಯುಕ್ತ ಥಯೋಲ್ ಹುಟ್ಟಿದೆ. ಹಸಿರು ಮತ್ತು ಬಿಳಿ ಬಾಟಲಿಗಳಲ್ಲಿ ಇದು ಬೇಗ ಸಂಭವಿಸುತ್ತದೆ.
- ಔಷಧಿಯ ವಾಸನೆ, ಹುಳಿ, ಮೇಲ್ಮೈಯಲ್ಲಿ ಪೊರೆ: ಅನ್ಯ ಸೂಕ್ಷ್ಮಜೀವಿಗಳು ಸೇರಿವೆ.

ಕೊನೆಯ ಮೂರು ದೋಷಗಳಿಗೆ ಕಹಿಯ ಪರಿಹಾರಗಳು ಉಪಯೋಗವಾಗುವುದಿಲ್ಲ. ಹುದುಗುವಿಕೆ ಮುಗಿಯುವ ಮುನ್ನ ತೆಗೆದ ರುಚಿಯನ್ನೂ ನಂಬಲಾಗದು. ಆಗ ಬಿಯರ್‌ನಲ್ಲಿ ಯೀಸ್ಟ್ ತೇಲುತ್ತಿರುತ್ತದೆ, ಅನಿಲವಿರುವುದಿಲ್ಲ, ಕಹಿ ಒರಟಾಗಿ ತೋರುತ್ತದೆ. ಹುದುಗುವಿಕೆಯ ಅವಧಿಯಲ್ಲಿ ಯೀಸ್ಟ್ ಕೋಶಗಳು ಸ್ವಲ್ಪ ಐಸೋ-ಆಲ್ಫಾ ಆಮ್ಲವನ್ನು ಮೈಗೆ ಅಂಟಿಸಿಕೊಂಡು ತಳ ಸೇರುವುದರಿಂದ ಕಹಿ ತಾನಾಗಿಯೇ ತುಸು ಇಳಿಯುತ್ತದೆ.

## ಪರಿಹಾರಗಳು

### ಹುದುಗುವ ಮುನ್ನ: ಹಾಪ್ಸ್ ಇಲ್ಲದ ವೋರ್ಟ್ ಸೇರಿಸುವುದು

ಕುದಿತದ ದಿನವೇ ತಪ್ಪು ತಿಳಿದರೆ ಪರಿಹಾರ ಸುಲಭ. ಮಾಲ್ಟ್ ಸಾರವನ್ನು ನೀರಿನಲ್ಲಿ ಕರಗಿಸಿ, ಹಾಪ್ಸ್ ಹಾಕದೆ ಕುದಿಸಿ ತಣಿಸಿದ ವೋರ್ಟನ್ನು ಸೇರಿಸಬಹುದು. 60 ಐಬಿಯು ನಿರೀಕ್ಷೆಯಿರುವ 15 ಲೀಟರ್ ವೋರ್ಟ್‌ಗೆ ಅದೇ ಸಾಂದ್ರತೆಯ 5 ಲೀಟರ್ ಹಾಪ್ಸ್‌ರಹಿತ ವೋರ್ಟ್ ಸೇರಿಸಿದರೆ ಕಹಿ 45 ಐಬಿಯುಗೆ ಇಳಿಯುತ್ತದೆ, ಬಿಯರ್ ತೆಳುವಾಗುವುದಿಲ್ಲ. ಹುದುಗುವಿಕೆ ಜೋರಾಗಿರುವಾಗ ನೊರೆಯ ಮೇಲೆ ಕಟ್ಟುವ ಕಂದು ಬಣ್ಣದ ಅಂಟು ಕೆನೆ ಬಹಳ ಕಹಿಯಾಗಿರುತ್ತದೆ. ಅದು ಕೊಳವೆಯ ಮೂಲಕ ಹೊರಹೋಗಲು ಬಿಟ್ಟರೆ ಕಹಿ ಇನ್ನಷ್ಟು ತಗ್ಗುತ್ತದೆ.

### ಮಾಗಿಸುವುದು

ಬಿಯರ್ ಸಿದ್ಧವಾದ ಮೇಲೆ ತಪ್ಪು ತಿಳಿದರೆ ಎಲ್ಲಕ್ಕಿಂತ ಸರಳವಾದ, ಕೆಡುಕು ಕಡಿಮೆಯಿರುವ ಉಪಾಯವೆಂದರೆ ಕಾಯುವುದು. ಐಸೋ-ಆಲ್ಫಾ ಆಮ್ಲಗಳು ಕಾಲಕ್ರಮದಲ್ಲಿ ಕ್ಷಯಿಸುತ್ತವೆ. ಇವುಗಳಲ್ಲಿ ಟ್ರಾನ್ಸ್ ರೂಪವು ಸಿಸ್ ರೂಪಕ್ಕಿಂತ ಬೇಗ ಕ್ಷಯಿಸುತ್ತದೆ. ಪರಿಮಳ ತೈಲಗಳು ಇನ್ನೂ ಬೇಗ ಮಾಸುತ್ತವೆ. ಒಣ ಹಾಪ್ಸ್‌ನಿಂದಾದ ಗಂಟಲುರಿ ಶೀತಲ ಪೆಟ್ಟಿಗೆಯಲ್ಲಿ ಎರಡು ಮೂರು ವಾರ ಇಟ್ಟರೆ ಕಣಗಳು ತಳ ಸೇರಿ ಬಹಳಷ್ಟು ಶಮನವಾಗುತ್ತದೆ. ಕುದಿತದ ಕಹಿ ಮೆತ್ತಗಾಗಲು ಎರಡರಿಂದ ಆರು ತಿಂಗಳು ಬೇಕಾಗಬಹುದು.

ಮಾಗಿಸುವಿಕೆಗೆ ಮಿತಿಯೂ ಇದೆ. ಆಮ್ಲಜನಕ ಸೇರಿದ ಬಿಯರ್ ಮಾಗುವ ಬದಲು ಹಳಸಿ, ಒದ್ದೆ ರಟ್ಟಿನ ರುಚಿ ತಾಳುತ್ತದೆ. ಶೇ. 4ರಷ್ಟು ಮದ್ಯಸಾರವಿರುವ ತೆಳು ಬಿಯರ್ ದೀರ್ಘಕಾಲ ತಾಳುವುದಿಲ್ಲ, ಶೇ. 7 ಅಥವಾ ಅದಕ್ಕಿಂತ ಗಟ್ಟಿಯಾದದ್ದು ತಾಳುತ್ತದೆ. ತಿಂಗಳಿಗೊಂದು ಬಾಟಲಿ ತೆರೆದು ರುಚಿ ನೋಡಿ, ಹಿಡಿಸಿದ ಹಂತದಲ್ಲಿ ಉಳಿದವನ್ನು ಬಳಸುವುದು ವಾಡಿಕೆ.

### ಬೆರಕೆ

ಕಹಿ ಕಡಿಮೆಯಿರುವ ಇನ್ನೊಂದು ಬಿಯರ್ ತಯಾರಿಸಿ ಬೆರೆಸುವುದು ಹೆಚ್ಚು ನಿಶ್ಚಿತವಾದ ಮಾರ್ಗ. ಬೆರಕೆಯ ಕಹಿಯು ಎರಡರ ತೂಗಿದ ಸರಾಸರಿ. 75 ಐಬಿಯುನ 10 ಲೀಟರ್‌ಗೆ 18 ಐಬಿಯುನ 20 ಲೀಟರ್ ಬೆರೆಸಿದರೆ (750 + 360) ÷ 30 = 37 ಐಬಿಯು ಆಗುತ್ತದೆ. ಮೊದಲು ಒಂದು ಲೋಟದಲ್ಲಿ ಸಣ್ಣ ಅಳತೆಯಲ್ಲಿ ಬೆರೆಸಿ ರುಚಿ ನೋಡಿ, ಹಿತವೆನಿಸಿದ ಪ್ರಮಾಣವನ್ನು ಬರೆದಿಟ್ಟುಕೊಂಡು, ಆಮೇಲೆ ದೊಡ್ಡ ಪಾತ್ರೆಗೆ ಕೈಹಾಕಬೇಕು. ಎರಡೂ ಬಿಯರ್‌ಗಳ ಹುದುಗುವಿಕೆ ಪೂರ್ಣವಾಗಿರಬೇಕು. ಸೋಂಕು ತಗುಲಿದ ಬಿಯರನ್ನು ಬೆರೆಸಿದರೆ ಎರಡೂ ಹಾಳಾಗುತ್ತವೆ. ಬಾಟಲಿಗೆ ತುಂಬಿಯಾಗಿದ್ದರೆ ಲೋಟದಲ್ಲಿ ಬಡಿಸುವಾಗಲೇ ಬೆರೆಸಿಕೊಳ್ಳುವುದು ಕ್ಷೇಮ.

ಕುದಿಸಿ ತಣಿಸಿದ ನೀರನ್ನು ಬೆರೆಸುವುದೂ ಉಂಟು. ಆದರೆ ನೀರು ಕಹಿಯೊಂದನ್ನೇ ಅಲ್ಲ, ಎಲ್ಲವನ್ನೂ ತೆಳುವಾಗಿಸುತ್ತದೆ. 60 ಐಬಿಯು ಮತ್ತು ಶೇ. 6ರ ಮದ್ಯಸಾರವಿರುವ 18 ಲೀಟರ್‌ಗೆ 2 ಲೀಟರ್ ನೀರು ಸೇರಿಸಿದರೆ ಕಹಿ 54ಕ್ಕೂ ಮದ್ಯಸಾರ ಶೇ. 5.4ಕ್ಕೂ ಇಳಿಯುತ್ತವೆ, ಸಿಹಿ–ಕಹಿಯ ಅನುಪಾತ ಮಾತ್ರ ಇದ್ದಂತೆಯೇ ಇರುತ್ತದೆ.

### ಸಿಹಿಯಿಂದ ತೂಗಿಸುವುದು

ಕಹಿಯನ್ನು ತೆಗೆಯದೆ, ಅದಕ್ಕೆ ಎದುರಾಗಿ ಸಿಹಿಯನ್ನು ಹೆಚ್ಚಿಸುವುದು ಈ ಕ್ರಮ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಬಿಯರ್ ಯೀಸ್ಟ್ ಹುದುಗಿಸಲಾರದು. ಆದುದರಿಂದ ಅದು ಸಿಹಿಯಾಗಿಯೇ ಉಳಿಯುತ್ತದೆ. 20 ಲೀಟರ್‌ಗೆ 200ರಿಂದ 450 ಗ್ರಾಂ ಲ್ಯಾಕ್ಟೋಸನ್ನು ಸ್ವಲ್ಪ ನೀರಿನಲ್ಲಿ ಕುದಿಸಿ ತಣಿಸಿ ಸೇರಿಸುತ್ತಾರೆ. ಕಪ್ಪು ಬಿಯರ್‌ಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಹಾಲಿನ ಅಲರ್ಜಿ ಇರುವವರಿಗೂ ಲ್ಯಾಕ್ಟೋಸ್ ಜೀರ್ಣವಾಗದವರಿಗೂ ಇದನ್ನು ತಿಳಿಸದೆ ಕೊಡಬಾರದು. ಮಾಲ್ಟೋಡೆಕ್ಸ್‌ಟ್ರಿನ್ ಸಿಹಿ ಕೊಡದಿದ್ದರೂ ಬಿಯರ್‌ಗೆ ಮೈತುಂಬಿಸಿ ಕಹಿಯ ಚೂಪನ್ನು ತಗ್ಗಿಸುತ್ತದೆ.

ಸಾಮಾನ್ಯ ಸಕ್ಕರೆ, ಬೆಲ್ಲ, ಜೇನುತುಪ್ಪಗಳಿಂದ ಈ ಉದ್ದೇಶ ಈಡೇರುವುದಿಲ್ಲ. ಯೀಸ್ಟ್ ಜೀವಂತವಿರುವವರೆಗೆ ಅವೆಲ್ಲ ಹುದುಗಿ ಮದ್ಯಸಾರವೂ ಅನಿಲವೂ ಆಗುತ್ತವೆ. ಬಿಯರ್ ಇನ್ನಷ್ಟು ಒಣಗಿ ಕಹಿ ಹೆಚ್ಚೇ ಕಾಣುತ್ತದೆ. ಬಾಟಲಿಯಲ್ಲಿದ್ದರೆ ಒಡೆಯುವ ಅಪಾಯವೂ ಉಂಟು.

### ಶೋಧಕ ವಸ್ತುಗಳು ಮತ್ತು ಲವಣಗಳು

ಜೆಲಟಿನ್ ಬಿಯರನ್ನು ತಿಳಿಗೊಳಿಸಿ ತೇಲುವ ಯೀಸ್ಟ್ ಮತ್ತು ಹಾಪ್ಸ್ ಕಣಗಳನ್ನು ತಳಕ್ಕೆ ಇಳಿಸುತ್ತದೆ. ಪಿವಿಪಿಪಿ ಎಂಬ ಪುಡಿ ಪಾಲಿಫೀನಾಲುಗಳನ್ನು ಹಿಡಿದುಕೊಳ್ಳುತ್ತದೆ. ಆದುದರಿಂದ ಒಗರಿಗೆ ಇವು ಉಪಯುಕ್ತ, ಐಸೋ-ಆಲ್ಫಾ ಆಮ್ಲದ ಕಹಿಗೆ ಹೆಚ್ಚು ಪ್ರಯೋಜನವಿಲ್ಲ. ಜೆಲಟಿನ್ ಪ್ರಾಣಿಜನ್ಯವಾದ್ದರಿಂದ ಸಸ್ಯಾಹಾರಿಗಳು ಇದನ್ನು ಬಳಸುವುದಿಲ್ಲ. ಆಹಾರ ದರ್ಜೆಯ ಕ್ಯಾಲ್ಸಿಯಂ ಕ್ಲೋರೈಡನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸಿದರೆ ರುಚಿ ದುಂಡಗಾಗುತ್ತದೆ, ಹೆಚ್ಚಾದರೆ ಉಪ್ಪಾಗುತ್ತದೆ. ಸಕ್ರಿಯ ಇದ್ದಿಲಿನಿಂದ ಸೋಸಿದರೆ ಕಹಿಯೊಡನೆ ಬಣ್ಣವೂ ಪರಿಮಳವೂ ಹೋಗುವುದರಿಂದ ಅದನ್ನು ಶಿಫಾರಸು ಮಾಡುವುದಿಲ್ಲ.

### ಬಡಿಸುವ ಕ್ರಮ

ಬವೇರಿಯದಲ್ಲಿ ಬಿಯರನ್ನು ನಿಂಬೆಯ ಸಿಹಿ ಪಾನಕದೊಡನೆ ಸಮಭಾಗವಾಗಿ ಬೆರೆಸಿದ ‘ರಾಡ್ಲರ್’, ಇಂಗ್ಲೆಂಡಿನಲ್ಲಿ ‘ಶ್ಯಾಂಡಿ’ ರೂಢಿಯಲ್ಲಿವೆ. ಕಹಿ ಮೀರಿದ ತಿಳಿ ಬಿಯರ್‌ಗೆ ಇದು ಸುಲಭದ ಸದುಪಯೋಗ. ಜಿಡ್ಡಿನ ಮತ್ತು ತುಸು ಸಿಹಿಯಾದ ತಿನಿಸುಗಳೊಡನೆ ಕಹಿ ಮೆತ್ತಗೆ ತೋರುತ್ತದೆ. ಖಾರವಾದ ತಿನಿಸಿನೊಡನೆ ಕಹಿ ಮತ್ತು ಖಾರ ಒಂದನ್ನೊಂದು ಕೆರಳಿಸುವುದುಂಟು. ಅಡುಗೆಗೆ ಬಳಸುವವರು ಒಂದು ಸಂಗತಿಯನ್ನು ನೆನಪಿಡಬೇಕು: ಬಿಯರನ್ನು ಬತ್ತಿಸಿದಷ್ಟೂ ಕಹಿ ಗಟ್ಟಿಯಾಗುತ್ತದೆ. ದೀರ್ಘಕಾಲ ಕುದಿಸುವ ಗೊಜ್ಜು, ಸಾರುಗಳಿಗೆ ಇಂತಹ ಬಿಯರ್ ಹೊಂದುವುದಿಲ್ಲ. ಕರಿಯುವ ಹಿಟ್ಟಿಗೆ ಕಲಸಿಕೊಳ್ಳಬಹುದು.

## ಮುಂಜಾಗ್ರತೆ

- ತೂಕವನ್ನಲ್ಲ, ಆಲ್ಫಾ ಆಮ್ಲದ ಪ್ರಮಾಣವನ್ನು ಸಮಗೊಳಿಸಬೇಕು. ಹೊಸ ತಳಿಯ ತೂಕ = ಹಳೆಯ ತೂಕ × ಹಳೆಯ ಶೇಕಡಾ ÷ ಹೊಸ ಶೇಕಡಾ. ಮೇಲಿನ ಉದಾಹರಣೆಯಲ್ಲಿ 50 × 5 ÷ 13, ಅಂದರೆ ಸುಮಾರು 19 ಗ್ರಾಂ ಸಾಕಾಗಿತ್ತು.
- ಪರಿಮಳದ ಹಾಪ್ಸನ್ನು ವೋರ್ಟ್ 80 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆ ಹಾಕಿದರೆ ಕಹಿ ಹೆಚ್ಚಾಗದೆ ಪರಿಮಳ ದಕ್ಕುತ್ತದೆ.
- ಒಣ ಹಾಪ್ಸನ್ನು ಚೀಲದಲ್ಲಿ ಕಟ್ಟಿ ಹಾಕಿ, ಎರಡರಿಂದ ಐದು ದಿನಗಳೊಳಗೆ ತೆಗೆಯುವುದು ಉತ್ತಮ.
- ಗುಳಿಗೆ ರೂಪದ ಹಾಪ್ಸ್ ಇಡೀ ಹೂವಿಗಿಂತ ಸುಮಾರು ಶೇ. 10ರಷ್ಟು ಹೆಚ್ಚು ಕಹಿ ಬಿಡುತ್ತದೆ. ಲೆಕ್ಕದಲ್ಲಿ ಇದನ್ನು ಸೇರಿಸಿಕೊಳ್ಳಬೇಕು.
- ಹಾಪ್ಸನ್ನು ಗಾಳಿಯಾಡದ ಪೊಟ್ಟಣದಲ್ಲಿ ಫ್ರೀಜರ್‌ನಲ್ಲಿ ಇಡಬೇಕು.
- ಪ್ರತಿ ತಯಾರಿಕೆಯ ತಳಿ, ಶೇಕಡಾವಾರು, ತೂಕ, ಕುದಿತದ ನಿಮಿಷ, ಕೊನೆಯಲ್ಲಿ ಉಳಿದ ಲೀಟರ್ ಇಷ್ಟನ್ನು ಪುಸ್ತಕದಲ್ಲಿ ಬರೆದಿಡಬೇಕು. ಈ ದಾಖಲೆಯಿಲ್ಲದೆ ಬೆರಕೆಯ ಲೆಕ್ಕವನ್ನೂ ಹಾಕಲಾಗದು.

## ಸುರಕ್ಷತೆ

ಹಾಪ್ಸ್‌ನಲ್ಲಿ ಸ್ವಾಭಾವಿಕವಾಗಿ ಪಿಷ್ಟವನ್ನು ಒಡೆಯುವ ಕಿಣ್ವಗಳಿವೆ. ಒಣ ಹಾಪ್ಸ್ ಹಾಕಿದಾಗ ಇವು ಬಿಯರ್‌ನಲ್ಲಿ ಉಳಿದ ಡೆಕ್ಸ್‌ಟ್ರಿನ್‌ಗಳನ್ನು ಸಕ್ಕರೆಯಾಗಿಸುತ್ತವೆ. ಯೀಸ್ಟ್ ಅದನ್ನು ಮತ್ತೆ ಹುದುಗಿಸುತ್ತದೆ. ಲೀಟರ್‌ಗೆ ಸುಮಾರು 4 ಗ್ರಾಂ ಸಕ್ಕರೆ ಹುದುಗಿದರೆ ಬಿಯರ್‌ನ ಗಾತ್ರಕ್ಕೆ ಸಮವಾದಷ್ಟು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಮುಚ್ಚಿದ ಗಾಜಿನ ಬಾಟಲಿಯಲ್ಲಿ ಈ ಒತ್ತಡ ಬಾಟಲಿಯನ್ನೇ ಸಿಡಿಸಿ ಕಣ್ಣು, ಕೈಗಳಿಗೆ ಗಾಯ ಮಾಡಬಲ್ಲದು. ಆದುದರಿಂದ ಒಣ ಹಾಪ್ಸ್ ಹಾಕಿದ ಅಥವಾ ಬೆರಕೆ ಮಾಡಿದ ಬಿಯರ್‌ನ ಸಾಂದ್ರತೆಯನ್ನು ಹೈಡ್ರೋಮೀಟರ್‌ನಿಂದ ಅಳೆದು, ಹಲವು ದಿನಗಳ ಕಾಲ ಅದು ಬದಲಾಗದೆ ನಿಂತಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಬಾಟಲಿಗೆ ತುಂಬಬೇಕು. ಅನುಮಾನವಿರುವ ಬಾಟಲಿಗಳನ್ನು ತಂಪಾದೆಡೆಯಲ್ಲಿಟ್ಟು, ಬಟ್ಟೆ ಸುತ್ತಿ ತೆರೆಯುವುದು ಲೇಸು.

ಬಳಸಿ ಉಳಿದ ಹಾಪ್ಸ್ ನಾಯಿಗಳಿಗೆ ವಿಷ. ಅದನ್ನು ತಿಂದ ನಾಯಿಯ ದೇಹದ ಉಷ್ಣತೆ ಅಪಾಯಕರವಾಗಿ ಏರಿ ಸಾವೂ ಸಂಭವಿಸಬಹುದು. ಗೊಬ್ಬರದ ಗುಂಡಿಗೆ ಹಾಕುವುದಾದರೆ ನಾಯಿಗಳು ಕೆದಕದಂತೆ ಮುಚ್ಚಬೇಕು; ನಾಯಿ ತಿಂದಿದ್ದರೆ ತಡಮಾಡದೆ ಪಶುವೈದ್ಯರ ಬಳಿ ಒಯ್ಯಬೇಕು.

## ಕಾನೂನು

ಭಾರತದಲ್ಲಿ ಮದ್ಯದ ತಯಾರಿಕೆ ಮತ್ತು ಮಾರಾಟ ರಾಜ್ಯಗಳ ಅಧಿಕಾರ ವ್ಯಾಪ್ತಿಗೆ ಸೇರಿದ ವಿಷಯ. ಕರ್ನಾಟಕದಲ್ಲಿ ಇದನ್ನು ಕರ್ನಾಟಕ ಅಬಕಾರಿ ಅಧಿನಿಯಮ, 1965 ನಿಯಂತ್ರಿಸುತ್ತದೆ. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಈ ಅಧಿನಿಯಮದಡಿ ಶಿಕ್ಷಾರ್ಹ. ಬೆಂಗಳೂರಿನಲ್ಲಿ ತಮ್ಮಲ್ಲೇ ಬಿಯರ್ ತಯಾರಿಸಿ ಬಡಿಸುವ ಕಿರು ತಯಾರಿಕಾ ಘಟಕಗಳು ಅಬಕಾರಿ ಇಲಾಖೆಯ ಪರವಾನಗಿ ಪಡೆದೇ ನಡೆಯುತ್ತವೆ. ಗುಜರಾತ್ ಮತ್ತು ಬಿಹಾರದಲ್ಲಿ ಪಾನನಿಷೇಧ ಜಾರಿಯಲ್ಲಿದೆ. ಅಮೆರಿಕದಲ್ಲಿ ಒಕ್ಕೂಟದ ಕಾನೂನಿನಂತೆ ಒಬ್ಬ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದಲ್ಲಿ 200 ಗ್ಯಾಲನ್ ಬಿಯರನ್ನು ಸ್ವಂತ ಬಳಕೆಗೆ ತಯಾರಿಸಬಹುದು, ಮಾರಾಟಕ್ಕೆ ಅವಕಾಶವಿಲ್ಲ. ಅಲಬಾಮ ಮತ್ತು ಮಿಸಿಸಿಪಿ ರಾಜ್ಯಗಳು 2013ರಲ್ಲಿ ಇದಕ್ಕೆ ಒಪ್ಪಿಗೆ ನೀಡಿದವು. ಬ್ರಿಟನ್ನಿನಲ್ಲಿ ಸ್ವಂತ ಬಳಕೆಗೆ ತಯಾರಿಸಲು ಪರವಾನಗಿ ಬೇಕಿಲ್ಲ. ವಿದೇಶಗಳಲ್ಲಿ ನೆಲೆಸಿದವರು ಆಯಾ ಸ್ಥಳದ ನಿಯಮಗಳನ್ನು ತಿಳಿದುಕೊಂಡೇ ತಯಾರಿಕೆಗೆ ತೊಡಗಬೇಕು.

## ಇವನ್ನೂ ನೋಡಿ

- ಬಿಯರ್
- ಬಾರ್ಲಿ
- ಯೀಸ್ಟ್
- ಹುದುಗುವಿಕೆ
- ಟ್ಯಾನಿನ್
- ಇಂಡಿಯಾ ಪೇಲ್ ಏಲ್